ಕಲ್ಪನೆಯ ದೇಶದ ಪ್ರಧಾನಿಯೂ ತಲೆ ಎಣಿಸಲೇಬೇಕು

ಪ್ರಶ್ನೆ: ನಾನು ಒಂದು ಕಾದಂಬರಿ ಬರೆಯುತ್ತಿದ್ದೇನೆ. ಹವಳನಾಡು ಅಂತ ಒಂದು ಕಲ್ಪನೆಯ ದ್ವೀಪದೇಶ. ಅಲ್ಲಿನ ಹಳ್ಳಿ ಶಾಲೆಯ ಟೀಚರ್ ಸುಮತಿ ಮುಂದೆ ದೇಶದ ಪ್ರಧಾನಿಯಾಗುತ್ತಾಳೆ. ಅವಳ ಒಂದೇ ಒಂದು ಭಾಷಣಕ್ಕೆ ಇಡೀ ದೇಶ ಮನಸೋತು ಗೆಲ್ಲಿಸುತ್ತದೆ. 11 ವರ್ಷ ಆಳಿದ ಮೇಲೆ ವಿರೋಧ ಪಕ್ಷದ ನಾಯಕನ ಒಳಸಂಚಿಗೆ ಸಿಕ್ಕಿ ಕುರ್ಚಿ ಬಿಡುತ್ತಾಳೆ. ಕಥೆ ಅಲ್ಲಿಗೆ ಮುಗಿಯುತ್ತದೆ. ಓದಿದ ಗೆಳೆಯರೆಲ್ಲ "ಚೆನ್ನಾಗಿದೆ, ಆದರೆ ನಂಬೋಕೆ ಆಗಲ್ಲ" ಅನ್ನುತ್ತಾರೆ. ದೇಶವೇ ಕಲ್ಪನೆಯದ್ದು ಅಂದಮೇಲೆ ನಂಬುವ ಮಾತು ಯಾಕೆ ಬರುತ್ತದೆ? ನಾನು ಎಲ್ಲಿ ತಪ್ಪಿದ್ದೇನೆ?

ಉತ್ತರ: ನಿಮ್ಮ ಗೆಳೆಯರು ಸರಿಯಾಗಿಯೇ ಹೇಳಿದ್ದಾರೆ. ಆದರೆ ಬೇಸರ ಮಾಡಿಕೊಳ್ಳಬೇಡಿ. ಸುಮತಿಯಲ್ಲಿ ಯಾವ ಕೊರತೆಯೂ ಇಲ್ಲ. ಕೊರತೆ ಇರುವುದು ಹವಳನಾಡಿನಲ್ಲಿ. ಸುಮತಿ ಹೇಗೆ ಮಾತಾಡುತ್ತಾಳೆ, ಯಾವುದಕ್ಕೆ ಸಿಟ್ಟಾಗುತ್ತಾಳೆ, ಯಾರ ಮುಂದೆ ಕಣ್ಣೀರು ಹಾಕುತ್ತಾಳೆ ಎಲ್ಲವೂ ನಿಮಗೆ ಗೊತ್ತಿರುತ್ತದೆ. ಆದರೆ ಹವಳನಾಡಿನ ಸಂಸತ್ತಿನಲ್ಲಿ ಸೀಟು ಎಷ್ಟು? ಅವಳ ಪಕ್ಷಕ್ಕೆ ಎಷ್ಟು ಬಂದಿವೆ? ಉಳಿದವು ಯಾರ ಕೈಯಲ್ಲಿವೆ? ನಿಮ್ಮ ಪತ್ರದಲ್ಲಿ ಇದರ ಸುಳಿವೇ ಇಲ್ಲ.

ನೀವೇ ಬಳಸಿದ ಒಂದು ಪದ ನೋಡಿ. "11 ವರ್ಷ ಆಳಿದ ಮೇಲೆ" ಅಂದಿದ್ದೀರಿ. ಆಳುವುದು ರಾಜರ ಕೆಲಸ. ಪ್ರಧಾನಿ ಇವತ್ತು ಕುರ್ಚಿಯಲ್ಲಿ ಇರುವುದು, ಇವತ್ತು ಸದನದಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಅವಳ ಕಡೆ ಇದ್ದಾರೆ ಅನ್ನುವ ಕಾರಣಕ್ಕೆ. ನಾಳೆಯದು ನಾಳೆಗೆ. ಡಿಗ್ರಿ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಪಾಠ ಮಾಡುವಾಗ ನಾನು ಪ್ರತಿ ವರ್ಷ ಈ ಒಂದು ವಿಷಯಕ್ಕೆ ಜಾಸ್ತಿ ಹೊತ್ತು ಕೊಡುತ್ತಿದ್ದೆ. ಸಂವಿಧಾನದ 75ನೇ ವಿಧಿಯನ್ನು ಮಕ್ಕಳು ಬಾಯಿಪಾಠ ಹೇಳುತ್ತಿದ್ದರು. ಸಚಿವ ಸಂಪುಟ ಲೋಕಸಭೆಗೆ ಸಾಮೂಹಿಕವಾಗಿ ಹೊಣೆ ಅಂತ ಬರೆದು ಮಾರ್ಕ್ಸ್ ತೆಗೆದುಕೊಳ್ಳುತ್ತಿದ್ದರು. ಹಾಗೆಂದರೆ ಒಂದು ಬೆಳಿಗ್ಗೆ ಯಾರೋ ಒಬ್ಬರು ಬೆಂಬಲ ವಾಪಸ್ ಅಂತ ಪತ್ರ ಬರೆದು ಕೊಟ್ಟರೆ ಪ್ರಧಾನಿಯ ಕೆಲಸ ಹೋಗುತ್ತದೆ ಅಂತ ಅರ್ಥ ಆಗುವುದಕ್ಕೆ ಮಾತ್ರ ಸಮಯ ಹಿಡಿಯುತ್ತಿತ್ತು.

ಹಾಗಾಗಿ ಮೊದಲ ತಿದ್ದುಪಡಿ ಇದು. "ಇಡೀ ದೇಶ ಅವಳನ್ನು ಗೆಲ್ಲಿಸಿತು" ಅನ್ನುವುದನ್ನು ತೆಗೆಯಿರಿ. ಭಾರತದಲ್ಲಾಗಲಿ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾದಲ್ಲಾಗಲಿ ಜನ ಪ್ರಧಾನಿಗೆ ಓಟು ಹಾಕುವುದಿಲ್ಲ. ತಮ್ಮ ಕ್ಷೇತ್ರದ ಒಬ್ಬರಿಗೆ ಹಾಕುತ್ತಾರೆ. ಪ್ರಧಾನಿ ಯಾರು ಅನ್ನುವುದು ಆಮೇಲೆ, ಆ ಗೆದ್ದವರ ನಡುವೆ ತೀರ್ಮಾನವಾಗುತ್ತದೆ. ಜನರೇ ನೇರವಾಗಿ ಪ್ರಧಾನಿಯನ್ನು ಆರಿಸಲಿ ಅಂತ ಇಸ್ರೇಲ್ ಒಮ್ಮೆ ಪ್ರಯತ್ನ ಮಾಡಿತು. 1996, 1999, 2001ರಲ್ಲಿ ಹಾಗೆ ಚುನಾವಣೆ ನಡೆಯಿತು. ಆಮೇಲೆ ಅವರೇ ಅದನ್ನು ಕೈಬಿಟ್ಟರು. ಜನ ಪ್ರಧಾನಿಗೆ ಒಂದು ಓಟು, ಪಕ್ಷಕ್ಕೆ ಇನ್ನೊಂದು ಓಟು ಹಾಕಿದರು. ದೊಡ್ಡ ಪಕ್ಷಗಳು ಸೊರಗಿದವು, ಸಣ್ಣವು ಬೆಳೆದವು. ಗೆದ್ದ ಪ್ರಧಾನಿಗೆ ಸದನದಲ್ಲಿ ಮೊದಲಿಗಿಂತ ಕಷ್ಟವಾಯಿತು. ಹವಳನಾಡಿನಲ್ಲಿ ಈ ಪದ್ಧತಿ ಇಟ್ಟುಕೊಳ್ಳಲೇಬೇಕು ಅಂದರೆ ಇಟ್ಟುಕೊಳ್ಳಿ, ಅದರ ಕಷ್ಟವನ್ನೂ ಜೊತೆಗೇ ಬರೆಯಿರಿ.

ಈಗ ಒಂದು ಹಾಳೆ ತೆಗೆದುಕೊಳ್ಳಿ. ಹವಳನಾಡಿನ ಸದನಕ್ಕೆ 120 ಸೀಟು ಅಂದುಕೊಳ್ಳೋಣ. ಬಹುಮತಕ್ಕೆ 61 ಬೇಕು. ಸುಮತಿಯ ಪಕ್ಷಕ್ಕೆ 47 ಕೊಡಿ. ಕರಾವಳಿ ಮೀನುಗಾರರ ಪಕ್ಷಕ್ಕೆ 9, ಬೆಟ್ಟದ ಸೀಮೆಯ ಪಕ್ಷಕ್ಕೆ 7. ಒಟ್ಟು 63. ಅಲ್ಲಿಗೆ ಸರ್ಕಾರ ಆಯಿತು. ಆದರೆ ಮೀನುಗಾರರ ಪಕ್ಷ ಹೊರಟರೆ 54. ಬೆಟ್ಟದವರು ಹೊರಟರೆ 56. ಇಬ್ಬರಲ್ಲಿ ಯಾರು ಮುನಿಸಿಕೊಂಡರೂ ಸರ್ಕಾರ ಬಿತ್ತು. ಇಷ್ಟು ಬರೆದ ಕೂಡಲೇ ನಿಮ್ಮ ಕಥೆಗೆ ಜೀವ ಬಂದಿದ್ದು ಗೊತ್ತಾಯಿತೇ? ಮೀನುಗಾರರ ನಾಯಕ ಬಂದರು ಖಾತೆ ಕೇಳುತ್ತಾನೆ. ಅದನ್ನು ಸುಮತಿ 20 ವರ್ಷದಿಂದ ಜೊತೆಗಿರುವ ಗೆಳತಿಗೆ ಕೊಡ್ತೀನಿ ಅಂತ ಮಾತು ಕೊಟ್ಟಿರುತ್ತಾಳೆ. ಖಾತೆ ಹಂಚುವ ಆ ಒಂದು ರಾತ್ರಿ ಸಾಕು, ಅವಳು ಎಂಥ ಮನುಷ್ಯಳು ಅಂತ ತೋರಿಸುವುದಕ್ಕೆ. ಭಾಷಣ ಆ ಕೆಲಸ ಮಾಡುವುದಿಲ್ಲ.

ನಿಮಗೆ ಓದಿಕೊಳ್ಳಲು ಒಂದು ನಿಜವಾದ ಜೀವನ ಹೇಳುತ್ತೇನೆ. ದೂರ ಹೋಗಬೇಕಾಗಿಲ್ಲ. ಹಾಸನ ಜಿಲ್ಲೆ ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯಲ್ಲಿ 1933ರಲ್ಲಿ ಹುಟ್ಟಿದ ಎಚ್.ಡಿ. ದೇವೇಗೌಡರದ್ದು. ಕನ್ನಡ ನಾಡಿನಿಂದ ಪ್ರಧಾನಿಯಾದವರು ಅವರೊಬ್ಬರೇ. ಅದಕ್ಕೆ ಮಾತ್ರ ಈ ಉದಾಹರಣೆ ತೆಗೆದುಕೊಂಡಿಲ್ಲ. ಸಂಸದೀಯ ಪದ್ಧತಿಯಲ್ಲಿ ಒಬ್ಬರು ಹೇಗೆ ಏರುತ್ತಾರೆ, ಹೇಗೆ ಇಳಿಯುತ್ತಾರೆ ಅನ್ನುವುದು ಇಷ್ಟು ಸ್ಪಷ್ಟವಾಗಿ ಕಾಣುವ ಜೀವನ ನನಗೆ ಇನ್ನೊಂದು ಸಿಕ್ಕಿಲ್ಲ.

ಅವರು ಓದಿದ್ದು ಸಿವಿಲ್ ಎಂಜಿನಿಯರಿಂಗ್ ಡಿಪ್ಲೊಮಾ. ಶುರು ಮಾಡಿದ್ದು ಗುತ್ತಿಗೆ ಕೆಲಸ, ಊರಿನ ಸಹಕಾರ ಸಂಘ, ತಾಲ್ಲೂಕು ಬೋರ್ಡು. 1962ರಲ್ಲಿ ಸ್ವತಂತ್ರವಾಗಿ ನಿಂತು ಹೊಳೆನರಸೀಪುರದಿಂದ ವಿಧಾನಸಭೆಗೆ ಬಂದರು. 1972ರಿಂದ ವಿರೋಧ ಪಕ್ಷದ ನಾಯಕರಾಗಿದ್ದರು. ತುರ್ತು ಪರಿಸ್ಥಿತಿಯಲ್ಲಿ ಬೆಂಗಳೂರಿನ ಜೈಲಿನಲ್ಲಿದ್ದರು. ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಲೋಕೋಪಯೋಗಿ, ನೀರಾವರಿ ಖಾತೆಗಳನ್ನು ನೋಡಿಕೊಂಡರು. 1989ರಲ್ಲಿ ಸೋತರು. 1991ರಲ್ಲಿ ಹಾಸನದಿಂದ ಲೋಕಸಭೆಗೆ ಗೆದ್ದರು. 1994ರ ಡಿಸೆಂಬರಿನಲ್ಲಿ ಮುಖ್ಯಮಂತ್ರಿಯಾದರು. ಮೊದಲ ಗೆಲುವಿನಿಂದ ಪ್ರಧಾನಿ ಕುರ್ಚಿಯವರೆಗೆ 34 ವರ್ಷ. ಈ 34 ವರ್ಷದ ಸಣ್ಣ ಸಣ್ಣ ಕೆಲಸಗಳಿಗೆ ನಿಮ್ಮ ಕಾದಂಬರಿಯಲ್ಲಿ ಜಾಗವೇ ಇಲ್ಲ. ತಾಲ್ಲೂಕು ಬೋರ್ಡಿನ ಮೀಟಿಂಗು, ಸೋತ ಮಾರನೇ ದಿನ ಮನೆ ಮುಂದಿನ ಖಾಲಿ ಅಂಗಳ, ಇವುಗಳನ್ನು ಬಿಟ್ಟು ಶಾಲೆಯಿಂದ ನೇರ ಪ್ರಧಾನಿ ಮನೆಗೆ ಹಾರಿದರೆ ಓದುಗರು ಹಿಂದೆಯೇ ಉಳಿಯುತ್ತಾರೆ.

1996ರ ಮೇ ತಿಂಗಳಿಗೆ ಬನ್ನಿ. ಯಾವ ಪಕ್ಷಕ್ಕೂ ಬಹುಮತ ಇಲ್ಲ. ಬಿಜೆಪಿ 161, ಕಾಂಗ್ರೆಸ್ 140. ಅತಿ ದೊಡ್ಡ ಪಕ್ಷ ಅಂತ ರಾಷ್ಟ್ರಪತಿ ಶಂಕರ ದಯಾಳ್ ಶರ್ಮಾ ಮೊದಲು ಅಟಲ ಬಿಹಾರಿ ವಾಜಪೇಯಿಯವರನ್ನು ಕರೆದರು. ಸಂಖ್ಯೆ ಕೂಡಲಿಲ್ಲ. ಸದನದಲ್ಲಿ ಮಾತಾಡಿ, ಓಟಿಗೆ ಹಾಕುವ ಮೊದಲೇ ರಾಜೀನಾಮೆ ಕೊಡಲು ಹೊರಟರು. 13 ದಿನದ ಸರ್ಕಾರ. ಅತ್ತ 13 ಪಕ್ಷಗಳು ಸೇರಿ ಸಂಯುಕ್ತ ರಂಗ ಕಟ್ಟಿದ್ದವು. ವಿ.ಪಿ. ಸಿಂಗ್ ಒಪ್ಪಲಿಲ್ಲ. ಜ್ಯೋತಿ ಬಸು ಅವರನ್ನು ಕೇಳಿದರೆ ಅವರ ಪಕ್ಷವೇ ಬೇಡ ಅಂದಿತು. ಆಗ ಬಂದ ಹೆಸರು ದೇವೇಗೌಡರದ್ದು. ಅವರ ಜನತಾ ದಳದ ಸ್ವಂತ ಬಲ ಎಷ್ಟು ಗೊತ್ತಾ? 543ರಲ್ಲಿ 46. ಆ ಹೊತ್ತಿಗೆ ಅವರು ಸಂಸತ್ತಿನ ಸದಸ್ಯರೂ ಅಲ್ಲ. ಆರು ತಿಂಗಳೊಳಗೆ ಯಾವುದಾದರೂ ಒಂದು ಸದನಕ್ಕೆ ಬರಬೇಕು ಅನ್ನುವ ನಿಯಮ ಇದೆ. ಸೆಪ್ಟೆಂಬರಿನಲ್ಲಿ ರಾಜ್ಯಸಭೆಗೆ ಬಂದರು.

ಸರ್ಕಾರ ನಿಂತಿದ್ದು ಕಾಂಗ್ರೆಸ್ಸಿನ ಬಾಹ್ಯ ಬೆಂಬಲದ ಮೇಲೆ. ಈ "ಬಾಹ್ಯ ಬೆಂಬಲ" ಅನ್ನುವ ಎರಡು ಪದ ನಿಮ್ಮಂಥ ಬರಹಗಾರರಿಗೆ ಚಿನ್ನ. ಬೆಂಬಲ ಕೊಡುವವರು ಸಂಪುಟಕ್ಕೆ ಬರುವುದಿಲ್ಲ. ಒಳ್ಳೆಯದಾದರೆ ಹೆಸರು ಅವರಿಗೂ ಬರುತ್ತದೆ, ಕೆಟ್ಟದಾದರೆ ಹೊಣೆ ಅವರದ್ದಲ್ಲ. ಬಾಗಿಲ ಹೊರಗೆ ನಿಂತಿದ್ದಾರೆ, ಆದರೆ ಬೀಗದ ಕೈ ಅವರ ಹತ್ತಿರ. 1997ರ ಮಾರ್ಚ್ 30ರಂದು ಕಾಂಗ್ರೆಸ್ ಅಧ್ಯಕ್ಷ ಸೀತಾರಾಮ್ ಕೇಸರಿ ಬೆಂಬಲ ವಾಪಸ್ ಪಡೆದರು. ಏಪ್ರಿಲ್ 11ರಂದು ವಿಶ್ವಾಸಮತ. ಪರವಾಗಿ 158, ವಿರುದ್ಧ 292. ಆಮೇಲೆ ಏನಾಯಿತು ನೋಡಿ. ಅದೇ ಸಂಯುಕ್ತ ರಂಗ, ಅದೇ ಕಾಂಗ್ರೆಸ್ ಬೆಂಬಲ, ಏಪ್ರಿಲ್ 21ಕ್ಕೆ ಐ.ಕೆ. ಗುಜ್ರಾಲ್ ಪ್ರಧಾನಿ. ಸರ್ಕಾರ ಹೆಚ್ಚುಕಡಿಮೆ ಹಾಗೇ ಉಳಿಯಿತು. ಮೇಲಿನ ಒಂದು ಕುರ್ಚಿಯಲ್ಲಿದ್ದವರು ಮಾತ್ರ ಬದಲಾದರು. ಎಷ್ಟು ನೋವಿನ ವಿಷಯ ಅಲ್ವಾ? 34 ವರ್ಷ ನಡೆದು ಬಂದ ದಾರಿ, 11 ತಿಂಗಳೂ ತುಂಬದೆ ಮುಗಿಯಿತು.

ಇಲ್ಲಿಂದ ನಿಮಗೆ ನಾನು ಹೇಳಬೇಕಾದ ಮುಖ್ಯ ಮಾತು ಬರುತ್ತದೆ. ಪ್ರಧಾನಿಯನ್ನು ಯಾರು ಕುರ್ಚಿಗೆ ಏರಿಸಿದರೋ ಇಳಿಸುವ ಶಕ್ತಿಯೂ ಅವರ ಕೈಯಲ್ಲೇ ಇರುತ್ತದೆ. ಸುಮತಿಯನ್ನು ವಿರೋಧ ಪಕ್ಷದ ನಾಯಕ ಒಬ್ಬನೇ ಇಳಿಸಲಾರ. ಅವನ ಹತ್ತಿರ ಆ ಸಂಖ್ಯೆ ಇದ್ದಿದ್ದರೆ ಅವನೇ ಪ್ರಧಾನಿಯಾಗಿರುತ್ತಿದ್ದ. ಅವಳನ್ನು ಇಳಿಸುವವರು ಅವಳ 63ರ ಒಳಗೇ ಇದ್ದಾರೆ. ನಿಮ್ಮ ಖಳನಾಯಕನನ್ನು ಎದುರಿನ ಸಾಲಿನಿಂದ ಎಬ್ಬಿಸಿ, ಅವಳ ಪಕ್ಕದ ಕುರ್ಚಿಗೆ ತನ್ನಿ. ಅವನು ಕೆಟ್ಟವನೇ ಆಗಿರಬೇಕಾಗಿಲ್ಲ. ಅವಳ ಪ್ರಮಾಣವಚನದ ದಿನ ಮೊದಲು ಚಪ್ಪಾಳೆ ತಟ್ಟಿದವನೇ ಆಗಿರಲಿ.

11 ವರ್ಷ ಅಂದಿದ್ದೀರಲ್ಲ, ಅದಕ್ಕೆ ಸರಿಹೊಂದುವ ನಿಜವಾದ ಕಥೆ ಬ್ರಿಟನ್ನಿನ ಮಾರ್ಗರೆಟ್ ಥ್ಯಾಚರ್ ಅವರದ್ದು. 1979ರ ಮೇ ತಿಂಗಳಿಂದ 1990ರ ನವೆಂಬರ್‌ವರೆಗೆ ಹನ್ನೊಂದೂವರೆ ವರ್ಷ. ಮೂರು ಸಾರ್ವತ್ರಿಕ ಚುನಾವಣೆ ಗೆದ್ದರು. ಜನ ಅವರನ್ನು ಒಮ್ಮೆಯೂ ಸೋಲಿಸಲಿಲ್ಲ. ಇಳಿಸಿದ್ದು ಅವರದೇ ಪಕ್ಷ. 1979ರ ಮೊದಲ ಸಂಪುಟದಲ್ಲಿದ್ದವರ ಪೈಕಿ ಕೊನೆಗೆ ಅವರ ಜೊತೆ ಉಳಿದವರು ಜೆಫ್ರಿ ಹೌ ಒಬ್ಬರೇ. ಮೆಲುದನಿಯ ಮನುಷ್ಯ. 1990ರ ನವೆಂಬರ್ 1ಕ್ಕೆ ಅವರು ರಾಜೀನಾಮೆ ಕೊಟ್ಟರು. ನವೆಂಬರ್ 13ರಂದು ಸದನದಲ್ಲಿ ಎದ್ದು ನಿಂತು ಯಾಕೆ ಬಿಟ್ಟೆ ಅಂತ ಹೇಳಿದರು. ಕ್ರಿಕೆಟ್ಟಿನ ಹೋಲಿಕೆ ಕೊಟ್ಟರು. ಓಪನಿಂಗ್ ಬ್ಯಾಟ್ಸ್‌ಮನ್‌ಗಳನ್ನು ಕ್ರೀಸಿಗೆ ಕಳಿಸುತ್ತಾರೆ, ಮೊದಲ ಚೆಂಡು ಬರುವಾಗ ನೋಡಿದರೆ ಬ್ಯಾಟು ಮುರಿದಿದೆ, ಆಟಕ್ಕೆ ಮೊದಲೇ ಅದನ್ನು ಮುರಿದಿಟ್ಟವರು ತಂಡದ ಕ್ಯಾಪ್ಟನ್ನೇ ಅನ್ನುವ ಅರ್ಥದ ಮಾತು. ದನಿ ಏರಿಸಲಿಲ್ಲ. ಥ್ಯಾಚರ್ ಸದನದಲ್ಲೇ ಕೂತು ಕೇಳುತ್ತಿದ್ದರು.

ಒಂದು ವಾರಕ್ಕೆ ಪಕ್ಷದ ನಾಯಕತ್ವಕ್ಕೆ ಮತದಾನ. ಥ್ಯಾಚರ್ 204, ಎದುರಿಗೆ ನಿಂತ ಮೈಕಲ್ ಹೆಸಲ್ಟೈನ್ 152. ಗೆದ್ದ ಹಾಗೆ ಕಾಣುತ್ತದೆ ತಾನೇ? ಆದರೆ ಆ ಪಕ್ಷದ ನಿಯಮದ ಪ್ರಕಾರ ಮೊದಲ ಸುತ್ತಿನಲ್ಲೇ ಗೆಲ್ಲಬೇಕಾದರೆ ಬಹುಮತದ ಜೊತೆಗೆ ಒಟ್ಟು ಮತದಾರರ ಶೇಕಡ 15ರಷ್ಟು ಅಂತರವೂ ಬೇಕಿತ್ತು. ನಾಲ್ಕು ಓಟು ಕಡಿಮೆಯಾಯಿತು. ಎರಡನೇ ಸುತ್ತಿಗೆ ನಿಲ್ಲುತ್ತೇನೆ ಅಂದರು. ಸಂಪುಟದ ಮಂತ್ರಿಗಳನ್ನು ಒಬ್ಬೊಬ್ಬರಾಗಿ ಕರೆದು ಕೇಳಿದರು. ಹೆಚ್ಚಿನವರು, ನನ್ನ ಬೆಂಬಲ ನಿಮಗೇ, ಆದರೆ ನೀವು ಗೆಲ್ಲುವುದಿಲ್ಲ ಅನ್ನುವ ಅರ್ಥದಲ್ಲಿ ಮಾತಾಡಿದರು. ನವೆಂಬರ್ 22ರ ಬೆಳಿಗ್ಗೆ ಹೊರಡುವ ತೀರ್ಮಾನ ತಿಳಿಸಿದರು. ಒಬ್ಬೊಬ್ಬರೇ ಒಳಗೆ ಬಂದು ಅದೇ ಮಾತನ್ನು ಹೇಳಿ ಹೋಗುವ ಆ ಸಂಜೆಯನ್ನು ನಾನು ಎಷ್ಟೋ ಸಲ ಕಣ್ಣಮುಂದೆ ತಂದುಕೊಂಡಿದ್ದೇನೆ. ಒಳಸಂಚಿನ ಯಾವ ದೃಶ್ಯವೂ ಇಷ್ಟು ಗಟ್ಟಿ ಇರುವುದಿಲ್ಲ. ಬಂದವರೆಲ್ಲ ಆಕೆಯೇ ಮಂತ್ರಿ ಮಾಡಿದವರು.

ಇನ್ನೊಂದು ಸಂಗತಿ ಗಮನಿಸಿ. ಓಟು ಗೆದ್ದೂ ಕುರ್ಚಿ ಕಳೆದುಕೊಳ್ಳುವುದು ಅಪರೂಪವಲ್ಲ. 1940ರ ಮೇ 8ರಂದು ನಾರ್ವೆ ಯುದ್ಧದ ಚರ್ಚೆಯ ಕೊನೆಗೆ ಬ್ರಿಟನ್ನಿನ ಪ್ರಧಾನಿ ನೆವಿಲ್ ಚೇಂಬರ್ಲಿನ್ ಅವರ ಸರ್ಕಾರ 281–200ರಿಂದ ಗೆದ್ದಿತು. ಆದರೆ 200ರ ಹತ್ತಿರ ಇರುತ್ತಿದ್ದ ಬಹುಮತ 81ಕ್ಕೆ ಇಳಿದಿತ್ತು. ಸ್ವಂತ ಪಕ್ಷದವರೇ ಎದುರು ಓಟು ಹಾಕಿದ್ದರು. ಎರಡು ದಿನಕ್ಕೆ ಚರ್ಚಿಲ್ ಪ್ರಧಾನಿ. 2022ರ ಜೂನ್ 6ರಂದು ಬೋರಿಸ್ ಜಾನ್ಸನ್ ಪಕ್ಷದೊಳಗಿನ ವಿಶ್ವಾಸಮತವನ್ನು 211–148ರಿಂದ ಗೆದ್ದರು. ಜುಲೈ 7ಕ್ಕೆ ರಾಜೀನಾಮೆ ಘೋಷಿಸಿದರು. ಎಷ್ಟು ಜನ ಬಿಟ್ಟುಹೋದರು ಅನ್ನುವುದೇ ಇಲ್ಲಿ ಲೆಕ್ಕಕ್ಕೆ ಬರುವುದು.

ಒಂದೇ ಓಟಿನ ಕಥೆಗಳೂ ಇವೆ. ಕಾದಂಬರಿಯಲ್ಲಿ ಬರೆದರೆ "ತೀರಾ ಸಿನಿಮಾ ಥರ ಆಯ್ತು" ಅನ್ನುತ್ತಾರೆ, ಆದರೆ ನಡೆದದ್ದು ನಡೆದದ್ದೇ. 1999ರ ಏಪ್ರಿಲ್ 17ರಂದು ವಾಜಪೇಯಿ ಸರ್ಕಾರ 269–270ರಿಂದ ಬಿತ್ತು. ಗಿರಿಧರ್ ಗಮಾಂಗ್ ಆಗಲೇ ಒಡಿಶಾದ ಮುಖ್ಯಮಂತ್ರಿಯಾಗಿದ್ದರು, ಆದರೆ ಲೋಕಸಭೆ ಸ್ಥಾನಕ್ಕೆ ರಾಜೀನಾಮೆ ಕೊಟ್ಟಿರಲಿಲ್ಲ. ಬಂದು ವಿರುದ್ಧ ಓಟು ಹಾಕಿದರು. ಅದಕ್ಕೂ 20 ವರ್ಷ ಮೊದಲು, 1979ರ ಮಾರ್ಚ್ 28ರಂದು, ಬ್ರಿಟನ್ನಿನಲ್ಲಿ ಜೇಮ್ಸ್ ಕ್ಯಾಲಹನ್ ಅವರ ಸರ್ಕಾರ 310–311ರಿಂದ ಬಿದ್ದಿತ್ತು. ಅವರ ಪಕ್ಷದ ಆಲ್ಫ್ರೆಡ್ ಬ್ರಾಟನ್ ಸಾವಿನ ಅಂಚಿನಲ್ಲಿದ್ದರು. ಆಂಬುಲೆನ್ಸಿನಲ್ಲಿ ಕರೆತಂದರೆ ಓಟು ಲೆಕ್ಕಕ್ಕೆ ಬರುತ್ತಿತ್ತು. ದಾರಿಯಲ್ಲೇ ಜೀವ ಹೋಗಬಹುದು ಅಂತ ಕ್ಯಾಲಹನ್ ಬೇಡ ಅಂದರು. ಕೆಲವೇ ದಿನಕ್ಕೆ ಬ್ರಾಟನ್ ತೀರಿಕೊಂಡರು. ಮೇ ತಿಂಗಳ ಚುನಾವಣೆಯಲ್ಲಿ ಥ್ಯಾಚರ್ ಗೆದ್ದರು. ಕ್ಯಾಲಹನ್ ಆ ದಿನ ಮಾಡಿದ್ದು ನನಗೆ ದೊಡ್ಡದಾಗಿ ಕಾಣುತ್ತದೆ. ಸುಮತಿಯ ಎದುರಿಗೆ ಇಂಥದ್ದೊಂದು ಪ್ರಶ್ನೆ ಇಡಿ. ಕರೆತರಬೇಕೇ, ಬೇಡವೇ? ಉತ್ತರ ನಿಮ್ಮದು.

ಇನ್ನು ನಿಯಮಗಳು. ಹವಳನಾಡಿನ ಸಂವಿಧಾನ ಇಡೀ ಬರೆಯಬೇಕಾಗಿಲ್ಲ, ನಾಲ್ಕೈದು ವಿಷಯ ತೀರ್ಮಾನ ಮಾಡಿಕೊಂಡರೆ ಸಾಕು. ಪಕ್ಷದ ನಾಯಕರನ್ನು ಯಾರು ಆರಿಸುತ್ತಾರೆ, ಸಂಸದರೋ ಸಾಮಾನ್ಯ ಸದಸ್ಯರೋ? ಇದು ಸಣ್ಣ ವಿಷಯ ಅಂತ ಕಾಣುತ್ತದೆ, ಆದರೆ ಬ್ರಿಟನ್ನಿನ ಪ್ರಧಾನಿಯಾಗಿದ್ದ ಲಿಜ್ ಟ್ರಸ್ ಅವರನ್ನು ನೋಡಿ. 2022ರಲ್ಲಿ ಸಂಸದರ ಕೊನೆಯ ಸುತ್ತಿನಲ್ಲಿ ರಿಷಿ ಸುನಕ್ 137, ಟ್ರಸ್ 113. ಸದಸ್ಯರ ಓಟಿನಲ್ಲಿ ಟ್ರಸ್ 81,326, ಸುನಕ್ 60,399. ಹೊರಗಿನ ಸದಸ್ಯರು ಏರಿಸಿದರು, ಆದರೆ ದಿನಾ ಮುಖ ನೋಡಬೇಕಾದದ್ದು ಸಂಸದರನ್ನು. ಏಳು ವಾರಕ್ಕೆ ಮುಗಿಯಿತು.

ಜರ್ಮನಿಯಲ್ಲಿ ಇನ್ನೊಂದು ಥರ. ಅಲ್ಲಿ ಚಾನ್ಸಲರ್ ಅಂದರೆ ನಮ್ಮ ಪ್ರಧಾನಿ ಇದ್ದ ಹಾಗೆ. ಅವರ ಸಂವಿಧಾನದ 67ನೇ ವಿಧಿ ಪ್ರಕಾರ, ಇರುವವರನ್ನು ಇಳಿಸಬೇಕಾದರೆ ಅದೇ ಓಟಿನಲ್ಲಿ ಮುಂದಿನವರನ್ನು ಆರಿಸಬೇಕು. ಸುಮ್ನೆ ಬೀಳಿಸಿ ಕೈತೊಳೆದುಕೊಳ್ಳುವ ಹಾಗಿಲ್ಲ. ಈ ದಾರಿಯಲ್ಲಿ ಅಲ್ಲಿ ಒಬ್ಬರೇ ಇಳಿದಿದ್ದಾರೆ. 1982ರ ಅಕ್ಟೋಬರ್ 1ರಂದು ಹೆಲ್ಮಟ್ ಶ್ಮಿಟ್ ಹೋಗಿ ಹೆಲ್ಮಟ್ ಕೋಲ್ ಬಂದರು. ಶ್ಮಿಟ್ ಅವರ ಜೊತೆಗಿದ್ದ ಸಣ್ಣ ಪಕ್ಷ ಆ ಕಡೆ ವಾಲಿದ್ದೇ ಕಾರಣ. ಸುಮತಿಯ ಮೀನುಗಾರರ ಪಕ್ಷ ನೆನಪಾಯಿತೇ?

ಭಾರತದಲ್ಲಿ 1985ರಿಂದ ಪಕ್ಷಾಂತರ ನಿಷೇಧ ಕಾನೂನು ಇದೆ. ಪಕ್ಷದ ವಿಪ್, ಅಂದರೆ ಹೀಗೇ ಓಟು ಹಾಕಿ ಅನ್ನುವ ಆದೇಶ, ಮೀರಿ ಓಟು ಹಾಕಿದರೆ ಸ್ಥಾನ ಹೋಗಬಹುದು. ಬ್ರಿಟನ್ನಿನಲ್ಲಿ ಅಂಥ ಕಾನೂನು ಇಲ್ಲ. ಚೇಂಬರ್ಲಿನ್ ಅವರ ಪಕ್ಷದವರು 1940ರಲ್ಲಿ ಮಾಡಿದ್ದನ್ನು ಇವತ್ತು ನಮ್ಮ ಲೋಕಸಭೆಯಲ್ಲಿ ಮಾಡಿದರೆ ಸಂಸದ ಸ್ಥಾನವನ್ನೇ ಪಣಕ್ಕಿಟ್ಟ ಹಾಗೆ. ಹಾಗಾಗಿ ಹವಳನಾಡಿನಲ್ಲಿ ಈ ಕಾನೂನು ಇದೆಯೋ ಇಲ್ಲವೋ ಅನ್ನುವುದರ ಮೇಲೆ ಬಂಡಾಯದ ಸ್ವರೂಪವೇ ಬದಲಾಗುತ್ತದೆ. ಇದ್ದರೆ ಇಡೀ ಪಕ್ಷಗಳು ಹೊರಡುತ್ತವೆ. ಇಲ್ಲದಿದ್ದರೆ ಒಬ್ಬೊಬ್ಬರೇ ಮನಸ್ಸಾಕ್ಷಿಯ ಮಾತಾಡುತ್ತಾ ಏಳುತ್ತಾರೆ.

ರಾಷ್ಟ್ರಪತಿ ಅಥವಾ ಗವರ್ನರ್ ಜನರಲ್ ಸ್ಥಾನ ಬರೀ ಅಲಂಕಾರಕ್ಕೆ ಅಂತ ಅಂದುಕೊಳ್ಳಬೇಡಿ. ಆಸ್ಟ್ರೇಲಿಯಾದಲ್ಲಿ 1975ರ ನವೆಂಬರ್ 11ರಂದು ಗವರ್ನರ್ ಜನರಲ್ ಜಾನ್ ಕೆರ್, ಕೆಳಮನೆಯಲ್ಲಿ ಬಹುಮತ ಇದ್ದ ಪ್ರಧಾನಿ ಗಾಫ್ ವಿಟ್ಲಮ್ ಅವರನ್ನೇ ವಜಾ ಮಾಡಿದರು. ಮೇಲ್ಮನೆ ಬಜೆಟ್ಟನ್ನು ತಡೆಹಿಡಿದಿತ್ತು, ಸರ್ಕಾರದ ಖರ್ಚಿಗೆ ಹಣವಿಲ್ಲದಂಥ ಸ್ಥಿತಿ. ವಿರೋಧ ಪಕ್ಷದ ಮಾಲ್ಕಮ್ ಫ್ರೇಸರ್ ಹಂಗಾಮಿ ಪ್ರಧಾನಿಯಾದರು. ಕೆಳಮನೆ ಅದೇ ಮಧ್ಯಾಹ್ನ ಅವರ ವಿರುದ್ಧ ಅವಿಶ್ವಾಸ ನಿರ್ಣಯ ಪಾಸು ಮಾಡಿತು. ಏನೂ ಪ್ರಯೋಜನವಾಗಲಿಲ್ಲ. ಕೆರ್ ಸಂಸತ್ತನ್ನೇ ವಿಸರ್ಜಿಸಿದರು. ಡಿಸೆಂಬರಿನ ಚುನಾವಣೆಯಲ್ಲಿ ಫ್ರೇಸರ್ ಭಾರಿ ಅಂತರದಿಂದ ಗೆದ್ದರು.

ಟೀಚರ್ ಪ್ರಧಾನಿಯಾಗುವುದು ನಂಬುವ ವಿಷಯವೇ ಅಂತ ನೀವು ಅಳುಕಬೇಕಾಗಿಲ್ಲ. ಟಾಂಗಾನಿಕಾದ (ಇವತ್ತಿನ ಟಾಂಜಾನಿಯಾದ ಭಾಗ) ಜೂಲಿಯಸ್ ನ್ಯೆರೆರೆ ಶಾಲಾ ಮೇಷ್ಟ್ರಾಗಿದ್ದವರು. ಜನ ಅವರನ್ನು ಕೊನೆಯವರೆಗೂ "ಮ್ವಾಲಿಮು" ಅಂತಲೇ ಕರೆದರು. ಸ್ವಾಹಿಲಿಯಲ್ಲಿ ಮೇಷ್ಟ್ರು ಅಂತ ಅರ್ಥ. 1954ರಲ್ಲಿ ಪಕ್ಷ ಕಟ್ಟಿದರು. ಪಾಠವೋ ರಾಜಕೀಯವೋ ಒಂದನ್ನು ಆರಿಸಿಕೊಳ್ಳಿ ಅನ್ನುವ ಪ್ರಶ್ನೆ ಬಂದಾಗ 1955ರಲ್ಲಿ ಕೆಲಸ ಬಿಟ್ಟರು. 1961ರಲ್ಲಿ ಪ್ರಧಾನಿಯಾದರು, ಆ ಡಿಸೆಂಬರಿನಲ್ಲಿ ದೇಶ ಸ್ವತಂತ್ರವಾಯಿತು. ಆರೇ ವಾರಕ್ಕೆ, 1962ರ ಜನವರಿಯಲ್ಲಿ, ಪಕ್ಷವನ್ನು ಹಳ್ಳಿಮಟ್ಟದಿಂದ ಕಟ್ಟಬೇಕು ಅಂತ ಪ್ರಧಾನಿ ಹುದ್ದೆಯನ್ನೇ ಬಿಟ್ಟು ಹೊರಟರು. ಆ ವರ್ಷದ ಕೊನೆಗೆ ಅಧ್ಯಕ್ಷರಾಗಿ ಮರಳಿದರು. ಸುಮತಿ ಶಾಲೆಗೆ ರಾಜೀನಾಮೆ ಕೊಡುವ ದಿನವನ್ನು ದಯವಿಟ್ಟು ಬರೆಯಿರಿ. ತಿಂಗಳ ಸಂಬಳ ನಿಲ್ಲುತ್ತದೆ, ಮನೆಯಲ್ಲಿ ಮಾತು ಬರುತ್ತದೆ. ಕರಿಹಲಗೆ ಒರೆಸಿ ಹೊರಗೆ ಬರುವಾಗ ಮಕ್ಕಳು ಏನು ಕೇಳುತ್ತಾರೆ?

ತಯಾರಿಯೇ ಇಲ್ಲದೆ ಪ್ರಧಾನಿಯಾದವರೂ ಇದ್ದಾರೆ. ಶ್ರೀಲಂಕಾದ ಸಿರಿಮಾವೊ ಬಂಡಾರನಾಯಕೆ ಅವರ ಗಂಡ, ಆಗಿನ ಪ್ರಧಾನಿ, 1959ರಲ್ಲಿ ಕೊಲೆಯಾದರು. ಮರುವರ್ಷ ಜುಲೈನಲ್ಲಿ ಅವರು ಜಗತ್ತಿನ ಮೊದಲ ಮಹಿಳಾ ಪ್ರಧಾನಿಯಾದರು. ಪಿ.ವಿ. ನರಸಿಂಹ ರಾವ್ 1991ರ ಚುನಾವಣೆಗೆ ನಿಂತೇ ಇರಲಿಲ್ಲ, ನಿವೃತ್ತಿಗೆ ಹೊರಟಿದ್ದರು. ರಾಜೀವ್ ಗಾಂಧಿಯವರ ಹತ್ಯೆಯಾದ ಒಂದು ತಿಂಗಳಿಗೆ ಪ್ರಧಾನಿಯಾದರು. ಬಹುಮತ ಇಲ್ಲದೆ ಶುರು ಮಾಡಿ ಐದು ವರ್ಷ ಪೂರೈಸಿದರು. 1990ರಲ್ಲಿ ಪ್ರಧಾನಿಯಾದ ಚಂದ್ರಶೇಖರ್ ಅದಕ್ಕೆ ಮೊದಲು ಒಂದು ದಿನವೂ ಮಂತ್ರಿಯಾಗಿರಲಿಲ್ಲ. ಇವರೆಲ್ಲರ ವಿಷಯದಲ್ಲೂ ಬಾಗಿಲು ತೆರೆದದ್ದು ಒಂದು ಸಾವು ಅಥವಾ ಒಂದು ಒಡಕು. ಸುಮತಿಗೆ 34 ವರ್ಷದ ದಾರಿ ಬೇಡ ಅಂದರೆ ಅಂಥದ್ದೊಂದು ಬಾಗಿಲು ತೆರೆಯಿರಿ. ಭಾಷಣದಿಂದ ಅದು ತೆರೆಯುವುದಿಲ್ಲ.

ಕೊನೆಯದಾಗಿ, ನೀವು ಕಥೆ ಮುಗಿಸಿದ ಜಾಗ. ಕುರ್ಚಿ ಹೋದ ದಿನಕ್ಕೇ ಪುಸ್ತಕ ಮುಚ್ಚಿದ್ದೀರಿ. ನನ್ನ ಮನಸ್ಸಿಗೆ ಅದು ಸರಿ ಬರಲಿಲ್ಲ. ಮೊದಲನೆಯದಾಗಿ, ಸೋತ ಪ್ರಧಾನಿ ಆ ಕ್ಷಣಕ್ಕೇ ಮನೆಗೆ ಹೋಗುವುದಿಲ್ಲ. ಇನ್ನೊಬ್ಬರು ಬರುವವರೆಗೆ ಹಂಗಾಮಿಯಾಗಿ ಇರುತ್ತಾರೆ. ದೇವೇಗೌಡರು ವಿಶ್ವಾಸಮತ ಸೋತ ಮೇಲೆ ಹತ್ತು ದಿನ ಇದ್ದರು. ಚರಣ್ ಸಿಂಗ್ 1979ರ ಜುಲೈ 28ಕ್ಕೆ ಪ್ರಧಾನಿಯಾಗಿ, ಸಂಸತ್ತನ್ನು ಎದುರಿಸುವ ಮೊದಲೇ ಆಗಸ್ಟ್ 20ಕ್ಕೆ ರಾಜೀನಾಮೆ ಕೊಟ್ಟು, ಮುಂದಿನ ಜನವರಿವರೆಗೆ ಹಂಗಾಮಿಯಾಗಿದ್ದರು. ಬೆಲ್ಜಿಯಮ್ಮಿನಲ್ಲಿ 2010ರ ಚುನಾವಣೆ ಆದ ಮೇಲೆ ಹೊಸ ಸರ್ಕಾರಕ್ಕೆ 541 ದಿನ ಬೇಕಾಯಿತು. ಅಷ್ಟೂ ದಿನ ಹಳೆಯ ಪ್ರಧಾನಿಯೇ ಕಡತ ನೋಡುತ್ತಿದ್ದರು. ಅಧಿಕಾರ ಇಲ್ಲ, ಕೆಲಸ ಇದೆ. ಫೋನುಗಳು ಕಡಿಮೆಯಾಗುತ್ತವೆ. ಬಾಗಿಲಲ್ಲಿ ಕಾಯುತ್ತಿದ್ದವರು ಬೇರೆ ಬಾಗಿಲಿಗೆ ಹೋಗಿರುತ್ತಾರೆ. ಈ ದಿನಗಳಲ್ಲಿ ಸುಮತಿ ಏನು ಮಾಡುತ್ತಾಳೆ?

ಆಮೇಲೂ ಜೀವನ ಇದೆ. ಅಲೆಕ್ ಡಗ್ಲಸ್-ಹೋಮ್ ಸುಮಾರು ಒಂದು ವರ್ಷ ಬ್ರಿಟನ್ನಿನ ಪ್ರಧಾನಿಯಾಗಿದ್ದು 1964ರಲ್ಲಿ ಸೋತರು. 1970ರಲ್ಲಿ ಇನ್ನೊಬ್ಬರ ಕೈಕೆಳಗೆ ವಿದೇಶಾಂಗ ಮಂತ್ರಿಯಾಗಿ ನಾಲ್ಕು ವರ್ಷ ದುಡಿದರು. ಕೆವಿನ್ ರಡ್ ಆಸ್ಟ್ರೇಲಿಯಾದಲ್ಲಿ 2010ರಲ್ಲಿ ತಮ್ಮ ಉಪಪ್ರಧಾನಿಗೇ ಕುರ್ಚಿ ಬಿಟ್ಟುಕೊಟ್ಟು, 2013ರಲ್ಲಿ ಅದನ್ನು ವಾಪಸ್ ಪಡೆದು, ಮೂರೇ ತಿಂಗಳಲ್ಲಿ ಚುನಾವಣೆ ಸೋತರು. ದೇವೇಗೌಡರು 1999ರಲ್ಲಿ ಹಾಸನದಲ್ಲೇ ಸೋತರು, 2002ರಲ್ಲಿ ಕನಕಪುರದಿಂದ ಗೆದ್ದರು, 2004ರಲ್ಲಿ ಮತ್ತೆ ಹಾಸನ, 2019ರಲ್ಲಿ ತುಮಕೂರಿನಲ್ಲಿ ಸೋಲು, 2020ರಲ್ಲಿ ರಾಜ್ಯಸಭೆ.

ಮಾಡಿದ ಕೆಲಸಗಳದ್ದು ಬೇರೆಯೇ ಆಯುಸ್ಸು. 1996ರ ಡಿಸೆಂಬರ್ 12ರಂದು ಬಾಂಗ್ಲಾದೇಶದ ಜೊತೆ ಗಂಗಾ ನೀರು ಹಂಚಿಕೆಗೆ 30 ವರ್ಷದ ಒಪ್ಪಂದ ಆಯಿತು. ಅದಕ್ಕೆ ಸಹಿ ಹಾಕಿದ ಸರ್ಕಾರ ಮುಂದಿನ ಬೇಸಿಗೆಯನ್ನೂ ಪೂರ್ತಿ ಕಾಣಲಿಲ್ಲ. 1997ರ ಜನವರಿಯಲ್ಲಿ ದೇವೇಗೌಡರು ಅಸ್ಸಾಮಿನಲ್ಲಿ ಬ್ರಹ್ಮಪುತ್ರಕ್ಕೆ ಬೋಗಿಬೀಲ್ ಸೇತುವೆಯ ಅಡಿಗಲ್ಲು ಹಾಕಿದರು. ಸುಮಾರು 5 ಕಿಲೋಮೀಟರ್ ಉದ್ದದ ಆ ಸೇತುವೆ ಸಿದ್ಧವಾಗಿ ಉದ್ಘಾಟನೆಯಾಗಿದ್ದು 2018ರ ಡಿಸೆಂಬರ್ 25ರಂದು. ನಡುವೆ 21 ವರ್ಷಕ್ಕೂ ಜಾಸ್ತಿ ಕಳೆದಿತ್ತು. ಕಾರು, ಲಾರಿ ಹೋಗುವ ರಸ್ತೆ ಮೇಲಿನ ಅಂತಸ್ತಿನಲ್ಲಿ, ರೈಲು ಕೆಳಗಿನ ಅಂತಸ್ತಿನಲ್ಲಿ. ಹವಳನಾಡಿನ ಎರಡು ದ್ವೀಪಗಳ ನಡುವೆಯೂ ಒಂದು ಸೇತುವೆ ಇರಲಿ. ಸುಮತಿ ಅಡಿಗಲ್ಲು ಹಾಕಿದ್ದು ಮೂರನೇ ಅಧ್ಯಾಯದಲ್ಲಿ. ಕೊನೆಯ ಅಧ್ಯಾಯದಲ್ಲಿ ಅವಳು ಟಿಕೆಟ್ ತೆಗೆದುಕೊಂಡು, ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು, ಅದರ ಮೇಲೆ ಹೋಗಲಿ.